ಸಗರನಾಡಿನಲ್ಲಿ ಶರಣು-ಶರಣಾರ್ಥಿ

ಶ್ರೀಮಠದ ಮಹೋತ್ಸವದ ಈ ಶುಭಸಮಯದಲ್ಲಿ ಯಾದಗಿರಿ, ಶಹಾಪುರ, ಸುರಪುರ ಸೀಮೆಗಳ ಹಳ್ಳಿಹಳ್ಳಿಗಳಿಂದ ಸದ್ಭಕ್ತರು ತಂಡತಂಡವಾಗಿ ಬಂದು ನೆರೆಯುತ್ತಿರುವರು. ಮೋಟಾರಿನಲ್ಲಿ ಬಂದವರುಂಟು, ಬಂಡಿಯಲ್ಲಿ ಬಂದವರುಂಟು, ಹೆಗಲ ಮೇಲೆ ಬುತ್ತಿಯ ಗಂಟನ್ನಿಟ್ಟುಕೊಂಡು ನಡೆದು ಬಂದವರೂ ಉಂಟು. ಬಂದವರ ಬಗೆ ಬೇರೆಬೇರೆಯಾದರೂ ಮಹಾದ್ವಾರದೊಳಗೆ ಕಾಲಿಟ್ಟೊಡನೆ ಎಲ್ಲರ ಬಾಯಿಂದ ಹೊರಡುವ ಮಾತು ಒಂದೇ. ಅದು ‘ಶರಣು’ ಎಂಬದು. ಇಷ್ಟು ಚಿಕ್ಕ ಮಾತಿಗೂ ಒಂದು ಇತಿಹಾಸವಿರುವದೇ ಎಂದು ಕೆಲವರು ಕೇಳಬಹುದು. ಇರುವದು, ಅದು ಅರಸರ ಇತಿಹಾಸಕ್ಕಿಂತ ಕಡಿಮೆಯದೇನೂ ಅಲ್ಲ. ಈ ನಾಡಿನಲ್ಲಿ ಯಾರು ಯಾರಿಗೆ ಕೈ ಮುಗಿದರು, ಯಾರ ಕೈಗೆ ಪ್ರತಿಯಾಗಿ ಕೈ ಮುಗಿಯಿತು, ಯಾರ ಕೈ ಸುಮ್ಮನೆ ಮುಗಿದೇ ಉಳಿಯಿತು ಎಂಬದನ್ನು ತಿಳಿದರೆ ನಾಡಿನ ಬಾಳು ಹೇಗಿದ್ದಿತೆಂಬದು ತಾನಾಗಿಯೇ ತಿಳಿಯುವದು. ಆದುದರಿಂದ ಈ ಸಂಚಿಕೆಯಲ್ಲಿ ಗೌರವದ ನುಡಿಗಳನ್ನೂ ಮುದ್ರೆಗಳನ್ನೂ ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಮನಸ್ಸು ಮಾಡಿದ್ದೇನೆ.

ಮೊದಲು ಶಬ್ದಗಳ ಅರ್ಥವನ್ನು ನೋಡೋಣ. ‘ನಮಸ್ಕಾರ’ವೆಂದರೆ ಬಾಗುವದು. ಅದು ಮೈಯ ಕ್ರಿಯೆಯನ್ನು ಹೇಳುವ ಮಾತು. ‘ಸಲಾಮ’ ಎಂಬದು ಅರಬ್ಬಿಯ ಶಬ್ದ. ಶಾಂತಿಯೆಂಬದು ಅದರ ಅರ್ಥ. ‘ಶರಣು’ ಎಂದರೆ ಆಶ್ರಯ. ‘ಶರಣಾರ್ಥಿ’ ಎಂದರೆ ಆ ಆಶ್ರಯವನ್ನು ಬೇಡುವವನು. ನಾವು ದಿನನಿತ್ಯ ಬಳಸುವ ‘ಮರ್ಯಾದೆ’ ಎಂಬ ಮಾತಿನ ಮೂಲಾರ್ಥವಂತೂ ವಿಚಾರಾರ್ಹವಾಗಿದೆ. ಮರ್ಯಾದೆಯೆಂದರೆ ಎಲ್ಲೆ, ಗಡಿ. ಯಾರು ಎಲ್ಲಿ ನಿಲ್ಲಬೇಕು, ಎಷ್ಟು ದೂರ ನಿಲ್ಲಬೇಕು ಎಂದು ಗೆರೆ ಎಳೆಯುವದೇ ಮರ್ಯಾದೆಯಾಯಿತು. ಶರಣು ಎಂಬ ಮಾತು ಆ ಗೆರೆಯನ್ನು ದಾಟುವ ಮಾತು. ಈ ಎರಡರ ಹೋರಾಟವೇ ನಮ್ಮ ಸೀಮೆಯ ಗೌರವದ ಇತಿಹಾಸವೆಂದು ಹೇಳಲು ಅಭ್ಯಂತರವಿಲ್ಲ.

ಈ ನಾಡಿನ ಹಳೆಯ ಗೌರವದ ನುಡಿಗಳು ಕಲ್ಲಿನ ಮೇಲೆ ಉಳಿದಿವೆ. ಶಹಾಪುರ ತಾಲೂಕಿನ ಶಿರವಾಳದ ಗುಡಿಗಳನ್ನು ಕಂಡವರಿಗೆ ಇಲ್ಲಿಯ ಪ್ರಾಚೀನ ವೈಭವವನ್ನು ಬೇರೆಯಾಗಿ ಬಣ್ಣಿಸಬೇಕಾದುದಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳು ಅನೇಕವಾಗಿ ಶಿವನಿಗೆ ನಮಸ್ಕಾರವನ್ನು ಹೇಳುವ ಶ್ಲೋಕದಿಂದಲೇ ಆರಂಭವಾಗುವವು. ಆ ಶ್ಲೋಕವು ಬಾಣಕವಿಯ ಹರ್ಷಚರಿತದಿಂದ ಬಂದುದು. ದೇವರಿಗೆ ನಮಸ್ಕಾರವಾದ ಮೇಲೆ ಅರಸನ ಸರದಿ. ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ, ಸತ್ಯಾಶ್ರಯಕುಲತಿಲಕ, ಚಾಲುಕ್ಯಾಭರಣ ಎಂದು ಬಿರುದುಗಳ ಮಾಲೆಯೇ ಹರಿಯುವದು. ಅರಸನ ಹೆಸರು ಮುಗಿದೊಡನೆ ಸಾಮಂತನ ಹೆಸರು ಬರುವದು. ಅವನನ್ನು ಶಾಸನವು ‘ತತ್ಪಾದಪದ್ಮೋಪಜೀವಿ’ ಎನ್ನುವದು. ಅರಸನ ಪಾದಕಮಲವನ್ನು ಆಶ್ರಯಿಸಿ ಬದುಕುವವನು ಎಂದು ಇದರ ಅರ್ಥ. ಸಾಮಂತನ ಕೆಳಗಿನ ಅಧಿಕಾರಿಯು ಸಾಮಂತನ ಪಾದಪದ್ಮೋಪಜೀವಿಯಾಗುವನು. ಹೀಗೆ ಗೌರವವು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರುವದೇ ಹೊರತು ಕೆಳಕ್ಕೆ ಇಳಿದು ಬರುವ ಮಾರ್ಗವು ಆ ಕಲ್ಲುಗಳಲ್ಲಿ ಕಾಣುವದಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಹೊಲವನ್ನು ಉತ್ತವನಿಗೂ, ಕಲ್ಲನ್ನು ಕಡೆದವನಿಗೂ ಅಲ್ಲಿ ಬಿರುದಿಲ್ಲ.

ಇಂಥ ಕಾಲದಲ್ಲಿಯೇ ಶರಣರು ಬಂದರು. ಆದ್ಯ ವಚನಕಾರನೆಂದು ಪ್ರಸಿದ್ಧನಾದ ದೇವರ ದಾಸಿಮಯ್ಯನು ನಮ್ಮ ಸುರಪುರ ಸೀಮೆಯ ಮುದನೂರಿನವನು. ಅಲ್ಲಿಯ ರಾಮನಾಥನೇ ಅವನ ವಚನಗಳ ಅಂಕಿತ. ನೇಯ್ಗೆಯ ಕಾಯಕದವನಾದ ಆತನು, ದೇಹದ ಗುರುತುಗಳಿಂದ ಹೆಣ್ಣು ಗಂಡು ಎಂದು ಕರೆದರೂ ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂದು ಸಾರಿದನು. ಆತ್ಮಕ್ಕೆ ಭೇದವಿಲ್ಲವೆಂದ ಮೇಲೆ ನಮಸ್ಕಾರಕ್ಕೆ ಭೇದವೆಲ್ಲಿಂದ ಬರಬೇಕು? ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಈ ವಿಚಾರವನ್ನೇ ಕಲ್ಯಾಣಪಟ್ಟಣದ ಬೀದಿಯಲ್ಲಿ ಆಚರಿಸಿ ತೋರಿಸಿದರು. ಬಿಜ್ಜಳನ ಭಂಡಾರವನ್ನು ನೋಡುತ್ತಿದ್ದ ಆ ಮಹಾನುಭಾವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದವರನ್ನು ತಮ್ಮ ಹಿರಿಯರೆಂದು ಹೇಳಿಕೊಂಡರು. ಬಂದವನನ್ನು ಒಂದು ಉಪಚಾರದ ಮಾತಿನಿಂದ ಸ್ವಾಗತಿಸಲಾರದ ಸಿರಿವಂತಿಕೆಯನ್ನು ಅವರು ವಚನದಲ್ಲಿ ಕಟುವಾಗಿ ಖಂಡಿಸಿದರು. ಶಾಸನದ ಪಾದವು ಇಲ್ಲಿಯೂ ಉಳಿಯಿತು. ಆದರೆ ಅದು ಅರಸನ ಪಾದವಾಗಿ ಉಳಿಯದೆ ಶರಣನ ಪಾದವಾಯಿತು. ಶರಣನಾರೆಂದರೆ ಚಮ್ಮಾರನಾಗಬಹುದು, ಅಂಬಿಗನಾಗಬಹುದು, ಮಡಿವಾಳನಾಗಬಹುದು.

ಹರಳಯ್ಯನವರ ಕಥೆಯನ್ನು ಕೇಳದ ಭಕ್ತರು ನಮ್ಮಲ್ಲಿ ಇಲ್ಲವೆಂದರೂ ಸಲ್ಲುವದು. ಆದರೂ ಈ ವಿಷಯಕ್ಕೆ ಅದಕ್ಕಿಂತ ದೊಡ್ಡ ದೃಷ್ಟಾಂತವಿಲ್ಲದ್ದರಿಂದ ಮತ್ತೊಮ್ಮೆ ನೆನೆಯುವೆನು. ಪಾದರಕ್ಷೆಯ ಕಾಯಕದ ಹರಳಯ್ಯನವರು ಮಾರ್ಗದಲ್ಲಿ ಬಸವಣ್ಣನವರನ್ನು ಕಂಡು ‘ಶರಣು’ ಎಂದರು. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರಳಿ ನುಡಿದರು. ತಾನು ಕೊಟ್ಟುದು ಒಂದು, ತನಗೆ ಬಂದುದು ಎರಡು. ಹೆಚ್ಚಾಗಿ ಬಂದ ಆ ಒಂದು ಶರಣಿನ ಭಾರವನ್ನು ತಾಳಲಾರದೆ ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಮಾಡಿ ಬಸವಣ್ಣನವರಿಗೆ ಒಪ್ಪಿಸಿದರೆಂದೂ, ಅವುಗಳನ್ನು ಮೆಟ್ಟಲು ತಾನು ಯೋಗ್ಯನಲ್ಲವೆಂದು ಬಸವಣ್ಣನವರು ತಲೆಯ ಮೇಲೆ ಹೊತ್ತರೆಂದೂ ಪರಂಪರೆಯು ಹೇಳುವದು. ಕೇಳುವವರು ಸಾಮಾನ್ಯವಾಗಿ ತೊಡೆಯ ಚರ್ಮದ ತ್ಯಾಗಕ್ಕೆ ಕಣ್ಣೀರು ತರುವರು. ಅದು ಯುಕ್ತವೇ. ಆದರೆ ಕಥೆಯ ಮೊದಲ ಅದ್ಭುತವು ತ್ಯಾಗವಲ್ಲ, ಆ ಎರಡನೆಯ ಶರಣು. ಹುಟ್ಟಿದ್ದು ಮೊದಲ್ಗೊಂಡು ತಾನು ಬಾಗುತ್ತ ಬಂದವನಿಗೆ ಆ ವರೆಗೆ ಯಾವ ಮಂತ್ರಿಯೂ ಮರುವಂದನೆಯನ್ನು ಸಲ್ಲಿಸಿರಲಿಲ್ಲ. ಕೊಟ್ಟುದಕ್ಕಿಂತ ಹೆಚ್ಚಾಗಿ ಮರಳಿ ಬಂದ ಗೌರವವನ್ನು ಅವರು ಸಾಲವೆಂದು ಭಾವಿಸಿದುದರಲ್ಲಿ ಆಶ್ಚರ್ಯವೇನು? ಮುಂದೆ ಅದೇ ಹರಳಯ್ಯನವರ ಮನೆಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮನೆಗೂ ಬೀಗತನವಾದಾಗ ರಾಜಶಿಕ್ಷೆಯೊದಗಿ ಕಲ್ಯಾಣವೇ ಕದಡಿಹೋಯಿತು. ಮರುವಂದನೆಯಲ್ಲಿ ಆರಂಭವಾದ ಸಮತೆಯು ಪ್ರಾಣವನ್ನೇ ಬೇಡಿತು.

ಇದು ಕಲ್ಯಾಣದ ಮಾತಾಯಿತು. ನಮ್ಮ ಮನೆಯಂಗಳದಲ್ಲಿಯೇ ಇಂಥದೊಂದು ಪ್ರಸಂಗವಿದೆ. ಸುರಪುರ ಸೀಮೆಯ ಕೆಂಭಾವಿಯ ಭೋಗಣ್ಣನ ಕಥೆಯನ್ನು ಭೀಮಕವಿಯು ೧೩೬೯ರಲ್ಲಿ ಮುಗಿಸಿದ ಬಸವಪುರಾಣವು ಹೇಳುವದು. ಶಿವನು ಅಂತ್ಯಜನ ವೇಷದಿಂದ ಬಂದಾಗ ಭೋಗಣ್ಣನು ಬಾಗಿಲಿನಲ್ಲಿ ತಡೆಯದೆ ಒಳಕ್ಕೆ ಬರಮಾಡಿಕೊಂಡು ಅನ್ನವನ್ನಿಕ್ಕಿ ಸತ್ಕರಿಸಿದನು. ಊರ ಪ್ರಮುಖರು ಅರಸನಲ್ಲಿ ದೂರಿತ್ತು ಅವನನ್ನು ಊರಿನಿಂದ ಹೊರಡಿಸಿದರು. ಭೋಗಣ್ಣನು ಹೊರಟನು, ಊರೊಳಗಿನ ಲಿಂಗಗಳೂ ಗುಡಿಗಳನ್ನು ಬಿಟ್ಟು ಅವನ ಬೆನ್ನು ಹತ್ತಿ ಹೊರಟವು. ದೇವರಿಲ್ಲದ ಊರಿನಲ್ಲಿ ಉಳಿಯಲಾರದೆ ಜನರು ಓಡಿ ಹೋಗಿ ಕಾಲಿಗೆ ಬಿದ್ದು ಅವನನ್ನು ಮರಳಿ ಕರೆತಂದರು. ಪುರಾಣದ ಅದ್ಭುತವನ್ನು ಅವರವರ ಭಾವಕ್ಕೆ ಬಿಡೋಣ. ಅದರ ತಾತ್ಪರ್ಯವು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿದೆ. ಬಾಗಿಲಿಗೆ ಬಂದ ಮನುಷ್ಯನನ್ನು ಗೌರವಿಸದ ಊರಿನಲ್ಲಿ ಲಿಂಗವು ನಿಲ್ಲುವದಿಲ್ಲ.

ಶರಣರ ಕಾಲವು ಕಳೆದ ಮೇಲೆ ಈ ಸೀಮೆಯು ಬಹಮನಿಯ ಸುಲ್ತಾನರಿಗೂ ವಿಜಾಪುರದ ಆದಿಲಶಾಹಿಗೂ ಒಳಪಟ್ಟಿತು. ದರಬಾರದ ಗೌರವಪದ್ಧತಿಗಳು ಕೋಟೆಕೊತ್ತಲಗಳಲ್ಲಿ ಬೇರೂರಿದವು. ವಿಜಾಪುರವು ೧೬೮೬ರಲ್ಲಿ ಬಿದ್ದಿತು. ಮರುವರ್ಷ ಗೋಳಕೊಂಡವೂ ಬಿದ್ದಿತು. ಆಗ ಸಗರದ ಬೇಡ ನಾಯಕನಾದ ಪಾಮನಾಯಕನು ತನ್ನ ಕೋಟೆಯನ್ನು ಒಪ್ಪಿಸಿ ಔರಂಗಜೇಬನ ಆಸ್ಥಾನಕ್ಕೆ ಹೋಗಬೇಕಾಯಿತು. ಮೊಗಲರ ದರಬಾರದಲ್ಲಿ ವಂದನೆಗೆ ಕಟ್ಟುನಿಟ್ಟಾದ ವಿಧಿಗಳಿದ್ದವು. ಅಕಬರನ ಕಾಲದ ಅಬುಲ್ ಫಜಲನು ತನ್ನ ಐನೆ-ಅಕಬರಿಯಲ್ಲಿ ಅವುಗಳನ್ನು ವಿವರಿಸಿರುವನು. ಬಲ ಅಂಗೈಯನ್ನು ಹಣೆಗೆ ಹಚ್ಚಿ ತಲೆ ಬಾಗಿಸುವದು ಕೋರ್ನಿಶ್. ಬಲಗೈಯ ಹಿಂಬದಿಯನ್ನು ನೆಲಕ್ಕೆ ತಾಗಿಸಿ, ಮೆಲ್ಲನೆ ಎತ್ತುತ್ತ ನೆಟ್ಟಗೆ ನಿಂತು, ಅಂಗೈಯನ್ನು ನೆತ್ತಿಯ ಮೇಲಿಡುವದು ತಸ್ಲೀಮ್. ಮೊದಲನೆಯದರಿಂದ ತಲೆಯನ್ನೂ, ಎರಡನೆಯದರಿಂದ ತನ್ನನ್ನೇ ಪೂರ್ಣವಾಗಿಯೂ ಒಪ್ಪಿಸಿದಂತಾಗುವದೆಂದು ಅವನು ಅರ್ಥ ಹೇಳುವನು. ಒಪ್ಪಿಸಿದವನಿಗೆ ಬಾದಶಹನು ಖಿಲ್ಲತನ್ನು ಕೊಡಬಹುದು, ಮನಸಬನ್ನು ಕೊಡಬಹುದು. ಮರುವಂದನೆಯನ್ನು ಮಾತ್ರ ಕೊಡಲಾರನು. ಆಸ್ಥಾನಕ್ಕೆ ಹೋದ ಕೆಲವೇ ದಿನಗಳಲ್ಲಿ ಪಾಮನಾಯಕನು ತೀರಿಕೊಂಡನು. ಅವನ ಉತ್ತರಾಧಿಕಾರಿಯಾದ ಪಿಡ್ಡನಾಯಕನ ವಾಗಿನಗೇರಿಯನ್ನು ಮುತ್ತಲು ೧೭೦೫ರಲ್ಲಿ ವೃದ್ಧನಾದ ಬಾದಶಹನೇ ಬರಬೇಕಾಯಿತು. ಅದು ಅವನು ಸ್ವತಃ ನಡೆಸಿದ ಕೊನೆಯ ಮುತ್ತಿಗೆ. ಕೋಟೆಯು ಕೈಸೇರಿತು, ನಾಯಕನು ಸೇರಲಿಲ್ಲ.

ಮುಂದೆ ಸುರಪುರದ ನಾಯಕರ ಅರಮನೆಯಲ್ಲಿಯೂ ಬಿರುದು, ಮುಜರೆ, ನಜರುಗಳ ಪದ್ಧತಿಯು ಬೆಳೆಯಿತು. ಆದರೆ ಅಲ್ಲಿಯ ಇತಿಹಾಸದಲ್ಲಿ ನಮ್ಮ ಮನಸ್ಸನ್ನು ಕರಗಿಸುವ ಗೌರವದ ಮಾತು ಯಾವ ಬಿರುದೂ ಅಲ್ಲ. ಬಾಲಕನೊಬ್ಬನ ಬಾಯಿಂದ ಬಂದ ‘ಅಪ್ಪಾ’ ಎಂಬ ಎರಡಕ್ಷರ. ೧೮೪೧ರಲ್ಲಿ ಆಡಳಿತವನ್ನು ನೋಡಿಕೊಳ್ಳಲು ಸುರಪುರಕ್ಕೆ ಬಂದ ಮೆಡೋಸ್ ಟೇಲರನನ್ನು ಎಳೆಯ ಅರಸನಾದ ವೆಂಕಟಪ್ಪನಾಯಕನು ಹಾಗೆ ಕರೆಯುತ್ತಿದ್ದನು. ಟೇಲರನು ೧೮೫೩ರ ವರೆಗೆ ಅಲ್ಲಿದ್ದನು. ಜನರು ಅವನನ್ನು ‘ಮಹಾದೇವ ಬಾಬಾ’ ಎಂದರು. ೧೮೫೮ರ ಫೆಬ್ರುವರಿಯಲ್ಲಿ ಸುರಪುರವು ಆಂಗ್ಲರ ಮೇಲೆ ಎದ್ದು ಸೋತಿತು. ಅರಸನು ಸಿಕಂದರಾಬಾದಿನಲ್ಲಿ ಸೆರೆಯಾದನು. ಅಲ್ಲಿ ತನ್ನನ್ನು ಕಾಣಲು ಬಂದ ಟೇಲರನನ್ನು ಆಗಲೂ ಅವನು ಅಪ್ಪನೆಂದೇ ಕರೆದನು. ಅವನು ಬೇಡಿಕೊಂಡುದು ಪ್ರಾಣವನ್ನಲ್ಲ. ಕಳ್ಳನನ್ನು ಗಲ್ಲಿಗೇರಿಸುವಂತೆ ತನ್ನನ್ನು ಗಲ್ಲಿಗೇರಿಸದೆ ತೋಪಿನ ಬಾಯಿಗೆ ಕಟ್ಟಿಸಬೇಕೆಂದು. ಈ ಸಂಗತಿಯನ್ನು ಟೇಲರನು ಬರೆದಿಟ್ಟ ಆತ್ಮಕಥೆಯು ಅವನ ಮರಣದ ತರುವಾಯ ೧೮೭೭ರಲ್ಲಿ ಅಚ್ಚಾಯಿತು. ಶಿಕ್ಷೆಯು ಸೆರೆವಾಸಕ್ಕೆ ಇಳಿದಿದ್ದರೂ ಅದೇ ವರ್ಷ ಸೆರೆಮನೆಗೆ ಒಯ್ಯುವ ದಾರಿಯಲ್ಲಿ ತರುಣ ಅರಸನು ಗುಂಡೇಟಿನಿಂದ ತೀರಿಕೊಂಡನು. ಸಾವಿನ ಬಾಗಿಲಿನಲ್ಲಿ ನಿಂತವನಿಗೂ ಪ್ರಾಣಕ್ಕಿಂತ ಮಾನವೇ ಹಿರಿದೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅರಸನಿಗೆ ಮಾತ್ರವೇ ಹಾಗೆ ಅನಿಸುವದೆಂದು ತಿಳಿಯುವದು ತಪ್ಪು. ಕೂಲಿಯವನಿಗೂ ಹಾಗೆಯೇ ಅನಿಸುವದು.

೧೮೬೦ರ ಒಡಂಬಡಿಕೆಯಿಂದ ಸುರಪುರವು ನಿಜಾಮರಿಗೆ ಸೇರಿತು. ಕಚೇರಿಗಳಲ್ಲಿ ಮೊದಲು ಪಾರಸಿಯೂ, ಆ ಶತಮಾನದ ಕೊನೆಯಿಂದ ಉರ್ದುವೂ ನಡೆದವು. ಹುಜೂರ, ಸರಕಾರ, ಸಾಹೇಬ, ಜನಾಬ ಎಂಬ ಮಾತುಗಳು ನಮ್ಮ ರೈತರ ನಾಲಿಗೆಗೆ ಬಂದವು. ಹೈದರಾಬಾದಿನ ದರಬಾರದಲ್ಲಿ ದಸ್ತಾರವನ್ನು ಧರಿಸಿ, ನಡುಪಟ್ಟಿಯನ್ನು ಕಟ್ಟಿ, ಬಾಗಿ, ನಜರನ್ನು ಒಪ್ಪಿಸುವದು ಶಿಷ್ಟಾಚಾರವಾಗಿದ್ದಿತು. ಹಳ್ಳಿಯಲ್ಲಿ ಅದರ ಚಿಕ್ಕ ಪ್ರತಿಬಿಂಬವು ವಾಡೆಗಳ ಮುಂದೆ ಕಾಣುತ್ತಿದ್ದಿತು. ವಾಡೆಯ ಮುಂದೆ ಹಾಯುವಾಗ ಬಡವನು ಕೆರವನ್ನು ಕಳಚಿ ಕೈಯಲ್ಲಿ ಹಿಡಿಯಬೇಕು. ತಲೆಯ ರುಮಾಲನ್ನು ಹೆಗಲಿಗಿಳಿಸಬೇಕು. ಇದನ್ನು ಮಾಡಿಸಿಕೊಂಡವರಲ್ಲಿ ಎಲ್ಲ ಮತದವರೂ ಇದ್ದರು. ಕೊರಳಲ್ಲಿ ಇಷ್ಟಲಿಂಗವಿದ್ದವರೂ ಇದ್ದರೆಂಬದನ್ನು ನಾವು ಮರೆಮಾಚಬಾರದು.

ಆದರೆ ಜನಸಾಮಾನ್ಯರ ಬಾಳಿನಲ್ಲಿ ಇನ್ನೊಂದು ಧಾರೆಯೂ ಬತ್ತದೆ ಹರಿಯುತ್ತಲೇ ಇದ್ದಿತು. ಕೃಷ್ಣಾತೀರದ ತಿಂಥಣಿಯಲ್ಲಿ ಮೌನೇಶ್ವರನನ್ನು ಹಿಂದುಗಳು ಮೌನಪ್ಪಯ್ಯನೆಂದೂ ಮುಸಲ್ಮಾನರು ಮೋನುದ್ದೀನನೆಂದೂ ಕರೆದು ಒಂದೇ ಗದ್ದುಗೆಗೆ ತಲೆ ಬಾಗುವರು; ಅಲ್ಲಿಯ ಜಯಘೋಷದಲ್ಲಿ ಪೀರರ ಹೆಸರೂ ಓಂಕಾರವೂ ಕೂಡಿಕೊಂಡಿವೆ. ನಿಮಗೆ ವಂದಿಸಿದವನಿಗೆ ಅದಕ್ಕಿಂತ ಉತ್ತಮವಾಗಿ, ಇಲ್ಲವೇ ಅಷ್ಟರ ಮಟ್ಟಿಗಾದರೂ ಮರಳಿ ವಂದಿಸಿರೆಂದು ಖುರಾನೂ ವಿಧಿಸುವದು. ಹೀಗಿರಲು ಬಸವಣ್ಣನವರ ಎರಡನೆಯ ಶರಣಿಗೂ ನೆರೆಮನೆಯವರ ಸಲಾಮಿನ ಉತ್ತರಕ್ಕೂ ದೂರವೇನೂ ಇಲ್ಲ. ಮರುವಂದನೆಯನ್ನು ಮರೆತುದು ದರಬಾರವೇ ಹೊರತು ಧರ್ಮವಲ್ಲ. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಟ್ಟು ‘ಬರ್‍ರಿ, ಕೂಡ್ರಿ’ ಎನ್ನುವದೂ, ದಸರೆಯಲ್ಲಿ ಬನ್ನಿಯನ್ನು ಕೊಟ್ಟು ಬಂಗಾರದಂತೆ ಇರೋಣವೆಂದು ಒಬ್ಬರಿಗೊಬ್ಬರು ಹೇಳುವದೂ ಈ ಧಾರೆಯವೇ. ಬನ್ನಿಯನ್ನು ಕೊಟ್ಟವನು ಬನ್ನಿಯನ್ನು ಪಡೆಯದೆ ಮರಳುವದಿಲ್ಲ. ನಮ್ಮ ಮಾತಿನ ತುದಿಗೆ ಅಂಟುವ ‘ರೀ’ ಎಂಬ ಪ್ರತ್ಯಯವೊಂದೇ ಸಾಕು, ಈ ಸೀಮೆಯ ಜನರ ಸೌಜನ್ಯಕ್ಕೆ. ಮಠಾಧಿಪತಿಗಳನ್ನು ನಾವು ಯಾವ ಸಂಸ್ಕೃತದ ಬಿರುದಿನಿಂದಲೂ ಕರೆಯದೆ ‘ಅಪ್ಪಾವರು’ ಎನ್ನುವೆವು. ಸುರಪುರದ ಬಾಲಕನು ನುಡಿದ ಮಾತೇ ಇದು. ಭಯದಿಂದಲ್ಲ, ನಂಬುಗೆಯಿಂದ ಬಂದ ಮಾತು.

ಮಠದ ಆಚಾರದಲ್ಲಿಯೂ ಮರುವಂದನೆಯು ಅಡಗಿದೆ. ಶರಣು ಮಾಡುವಾಗ ಕೈಗಳು ಜೋಡಿಸಿ ಬಂದು ನಿಲ್ಲುವದು ಎದೆಯ ಮೇಲೆ, ಇಷ್ಟಲಿಂಗವಿರುವಲ್ಲಿ. ಅಂದರೆ ವಂದಿಸುವವನು ತನ್ನ ಲಿಂಗವನ್ನು ಸಾಕ್ಷಿಯಾಗಿಟ್ಟು ಎದುರಿನವನ ಲಿಂಗಕ್ಕೆ ವಂದಿಸುವನು. ಭಕ್ತನು ಪಾದಕ್ಕೆ ಬಾಗಿದಾಗ ಗುರುವಿನ ಕೈಯು ಅವನ ತಲೆಯ ಮೇಲೆ ಬರುವದು. ದೀಕ್ಷೆಯಲ್ಲಿ ಇದಕ್ಕೆ ಹಸ್ತಮಸ್ತಕಸಂಯೋಗವೆಂದು ಹೆಸರು. ಇಲ್ಲಿ ಬಾಗಿದ ತಲೆಯು ಬರಿದೆ ಮರಳುವದಿಲ್ಲ, ಅದಕ್ಕೊಂದು ಉತ್ತರವಿದೆ.

೧೯೪೮ರ ಸೆಪ್ಟೆಂಬರದಲ್ಲಿ ನಿಜಾಮರ ಆಳಿಕೆಯು ಮುಗಿಯಿತು. ೧೯೫೦ರ ಜನವರಿ ೨೬ರಿಂದ ಜಾರಿಗೆ ಬಂದ ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನೂ, ೧೮ನೆಯ ಅನುಚ್ಛೇದವು ಬಿರುದುಗಳನ್ನೂ ತೊಡೆದುಹಾಕಿದವು. ಶಿರವಾಳದ ಕಲ್ಲುಗಳ ಕಾಲದಿಂದ ಬಂದ ಮೆಟ್ಟಿಲುಗಳನ್ನು ಕಾಯಿದೆಯು ಎರಡು ಅನುಚ್ಛೇದಗಳಲ್ಲಿ ಕೆಡವಿತು. ೧೯೫೬ರಲ್ಲಿ ನಮ್ಮ ಸೀಮೆಯು ಕನ್ನಡನಾಡನ್ನು ಸೇರಿತು. ೨೦೧೯ರಲ್ಲಿ ಈ ಪ್ರಾಂತಕ್ಕೆ ಕಲ್ಯಾಣದ ಹೆಸರೇ ಬಂದಿತು. ಹೆಸರು ಬಂದಿತು ನಿಜ; ಆದರೆ ಹರಳಯ್ಯನಿಗೆ ದೊರೆತ ಮರುವಂದನೆಯು ನಮ್ಮ ಊರುಗಳಲ್ಲಿ ಎಲ್ಲರಿಗೂ ದೊರೆಯುತ್ತಿರುವದೇ? ಕಾಯಿದೆಯು ಬಿರುದನ್ನು ಕಿತ್ತುಹಾಕಬಲ್ಲದು. ನಾಲಿಗೆಯ ಮೇಲಿನ ಏಕವಚನವನ್ನು ಕೀಳಲಾರದು. ಮೊಮ್ಮಗನ ವಯಸ್ಸಿನ ಹುಡುಗನು ಮುಪ್ಪಿನ ಜೀತಗಾರನನ್ನು ‘ಬಾರೋ’ ಎಂದು ಕರೆಯುವದನ್ನು ಕೇಳಿ ಬೆಳೆದವರು ನಾವು. ಆ ಮುಪ್ಪಿನವನು ಹುಡುಗನಿಗೆ ‘ರೀ’ ಎನ್ನುತ್ತಿದ್ದುದನ್ನೂ ಕೇಳಿದವರು ನಾವು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋದರೆ ಈ ಬರಹವು ಬರಿಯ ಉಪದೇಶವಾದೀತು. ನಾನು ಪ್ರತಿದಿನ ಹೋಗಿಬರುವ ದಾರಿಯಲ್ಲಿ ಕಸಗುಡಿಸುವ ಹಿರಿಯರೊಬ್ಬರು ಕಸಬರಿಗೆಯನ್ನು ಬಗಲಲ್ಲಿ ಹಿಡಿದು ಎರಡೂ ಕೈ ಜೋಡಿಸಿ ‘ಶರಣ್ರೀ’ ಎನ್ನುತ್ತಿದ್ದರು. ನಾನು ತಲೆಯಾಡಿಸಿ ಹೋಗುತ್ತಿದ್ದೆನು. ವರ್ಷಗಳು ಹೀಗೆಯೇ ಕಳೆದವು. ಒಂದು ದಿನ ಅವರಿರಲಿಲ್ಲ. ಕೇಳಿದಾಗ ತೀರಿಕೊಂಡು ಹದಿನೈದು ದಿನಗಳಾದವೆಂದರು. ಅವರ ಹೆಸರೇನೆಂಬದು ನನಗೆ ಗೊತ್ತಿರಲಿಲ್ಲ. ಅಂದು ರಾತ್ರಿ ಹರಳಯ್ಯನವರ ಕಥೆಯು ನೆನಪಾಗಿ ನಿದ್ರೆ ಬರಲಿಲ್ಲ. ಒಂದು ಹೆಚ್ಚಿನ ಶರಣು ಬಂದುದಕ್ಕೆ ಅವರು ತೊಡೆಯ ಚರ್ಮವನ್ನು ಕೊಟ್ಟರು. ನನ್ನ ಮೇಲೆ ಸಾವಿರಾರು ಶರಣುಗಳ ಸಾಲವಿದೆ. ತೀರಿಸಬೇಕೆಂದರೆ ಕೊಟ್ಟವರೇ ಇಲ್ಲ.

ಸದ್ಭಕ್ತರೇ, ಮಹೋತ್ಸವದಲ್ಲಿ ಪಾದಪೂಜೆ ಅಡ್ಡಪಲ್ಲಕ್ಕಿಗಳಿಗೆ ಕೊರತೆಯಾಗುವದಿಲ್ಲ. ಸನ್ಮಾನದ ಶಾಲುಗಳಿಗೂ ಕೊರತೆಯಾಗಲಾರದು. ಗುರುವಿಗೆ ಸಲ್ಲುವ ಗೌರವವು ಸಲ್ಲಲೇಬೇಕು. ಆದರೆ ಗೌರವವೆಲ್ಲ ಮೇಲಕ್ಕೇ ಏರಿ ಅಲ್ಲಿಯೇ ನಿಂತರೆ ನಾವು ಪಾದಪದ್ಮೋಪಜೀವಿಗಳ ಕಾಲಕ್ಕೆ ಮರಳಿದಂತಾಗುವದು. ದಾಸೋಹದಲ್ಲಿ ಹಿಟ್ಟು ನಾದುವ ತಾಯಂದಿರು, ಎಂಜಲೆಲೆಯನ್ನು ಎತ್ತುವವರು, ಬೆಳಗಿನ ಜಾವದಲ್ಲಿ ಅಂಗಳವನ್ನು ಗುಡಿಸುವವರು ನಮಗೆ ಶರಣು ಎಂದಾಗ ನಿಂತು, ಕೈ ಜೋಡಿಸಿ, ‘ಶರಣು ಶರಣಾರ್ಥಿ’ ಎಂದು ಮರಳಿ ನುಡಿಯೋಣ. ಅವರು ಮೊದಲು ಎನ್ನಲೆಂದು ಕಾಯುವದೂ ಬೇಡ. ಇದಕ್ಕೆ ಹಣ ಬೇಕಿಲ್ಲ, ಠರಾವು ಬೇಕಿಲ್ಲ, ಮಂಟಪವೂ ಬೇಕಿಲ್ಲ. ನಮ್ಮ ಮಕ್ಕಳು ನಮ್ಮನ್ನು ನೋಡಿಯೇ ಕಲಿಯುವರು. ಕೆಂಭಾವಿಯ ಲಿಂಗಗಳು ಒಮ್ಮೆ ಹೊರಟುಹೋಗಿ ಮರಳಿ ಬಂದವು. ಮತ್ತೊಮ್ಮೆ ಹೊರಡುವಂಥ ಪ್ರಸಂಗವನ್ನು ನಾವು ತರದಿರೋಣ.

ಓದಿದ ಎಲ್ಲರಿಗೂ, ಓದಬಾರದೆ ಇತರರಿಂದ ಓದಿಸಿ ಕೇಳಿದ ಎಲ್ಲರಿಗೂ, ಶರಣು ಶರಣಾರ್ಥಿ.